ದಾಲ್ಚಿನ್ನಿ ಗಿಡದ ಮೇಲೆ ಕುಳಿತ ದೊಡ್ಡ ಪತಂಗ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಶಾಲೆಯ ಹಿಂದಿನ ಜಾಗದಲ್ಲಿ ಮಕ್ಕಳೊಂದಿಗೆ ಸೇರಿ ಹಕ್ಕಿ, ಚಿಟ್ಟೆಗಳಿಗೆಂದೇ ಒಂದು ತೋಟ ಮಾಡಿಕೊಂಡಿದ್ದೇವೆ. ಸೆಪ್ಟೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮೊದಲು, ಅಲ್ಲಿನ ದಾಲ್ಚಿನ್ನಿ ಗಿಡದ ಮೇಲೆ ಎರಡು ಅಂಗೈ ಅಗಲದ ಕೆಂಗಂದು ಬಣ್ಣದ ಪತಂಗವೊಂದು ಕುಳಿತಿತ್ತು. ರೆಕ್ಕೆಯ ತುದಿಯಲ್ಲಿ ಹಾವಿನ ತಲೆ ಇದೆ ಎಂದು ಮಕ್ಕಳು ಹೆದರಿದರು. ಮುಟ್ಟಿದರೂ ಅದು ಹಾರಲಿಲ್ಲ. ಸಕ್ಕರೆ ನೀರಿಟ್ಟರೆ ಕುಡಿಯಲಿಲ್ಲ. ಗಿಡದ ಮೇಲೆ ಚಿತ್ರ ಸರಿಯಾಗಿ ಬರಲಿಲ್ಲವೆಂದು ಮಧ್ಯಾಹ್ನ ಅದನ್ನು ಕಡ್ಡಿಯ ಮೇಲೆ ಹತ್ತಿಸಿಕೊಂಡು ಬಿಳಿ ಗೋಡೆಗೆ ಬಿಟ್ಟೆವು. ಮರುದಿನ ಬೆಳಿಗ್ಗೆ ಪತಂಗ ಇರಲಿಲ್ಲ, ಗೋಡೆಯ ಬುಡದಲ್ಲಿ ರೆಕ್ಕೆಯ ತುಂಡುಗಳು ಬಿದ್ದಿದ್ದವು. ಮೂರು ಚಿತ್ರಗಳನ್ನು ಕಳುಹಿಸಿದ್ದೇನೆ. ಇದು ಯಾವ ಪತಂಗ? ಇದಕ್ಕೆ ವಿಷವಿದೆಯೇ? ಮುಂದೆ ಕಂಡರೆ ಚಿತ್ರ ಹೇಗೆ ತೆಗೆಯಬೇಕು?

ಉತ್ತರ: ನಿಮ್ಮ ತೋಟಕ್ಕೆ ಬಂದದ್ದು ಅಟ್ಲಾಸ್ ಪತಂಗ. ಈ ಹೆಸರಿನಲ್ಲಿ ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಚಿತ್ರಗಳಲ್ಲಿ ಹೆಚ್ಚಿನವು 1758ರಲ್ಲಿ ಲಿನೇಯಸ್ ಹೆಸರಿಟ್ಟ ಅಟಾಕಸ್ ಅಟ್ಲಾಸ್ ಎಂಬ ಪ್ರಭೇದದವು. ಅದು ಹಿಮಾಲಯದ ತಪ್ಪಲು, ಈಶಾನ್ಯ ರಾಜ್ಯಗಳು ಮತ್ತು ಅಲ್ಲಿಂದಾಚೆ ಆಗ್ನೇಯ ಏಷ್ಯಾದ ಕಾಡುಗಳಲ್ಲಿರುವ ಪತಂಗ. ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಶ್ರೀಲಂಕಾದಲ್ಲಿಯೂ ಇರುವುದು ಅದರ ಹತ್ತಿರದ ಬಂಧುವಾದ ಅಟಾಕಸ್ ಟಾಪ್ರೊಬ್ಯಾನಿಸ್. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಡರಿಕ್ ಮೂರ್ ಇದನ್ನು ಬೇರೆ ಪ್ರಭೇದವೆಂದು ವಿವರಿಸಿದರು. ಗ್ರೀಕರು ಸಿಂಹಳ ದ್ವೀಪವನ್ನು ಕರೆಯುತ್ತಿದ್ದ ಟಾಪ್ರೊಬೇನ್ ಎಂಬ ಹೆಸರು ಇದರಲ್ಲಿ ಉಳಿದುಕೊಂಡಿದೆ. ಮಕ್ಕಳು ತಮ್ಮ ಚಿತ್ರದ ಕೆಳಗೆ ಹೆಸರು ಬರೆಯುವಾಗ ಈ ವ್ಯತ್ಯಾಸವನ್ನು ಬಿಡದೆ ಬರೆಯಲಿ. ಬಣ್ಣ ಮತ್ತು ಚಿತ್ತಾರಗಳಲ್ಲಿ ಎರಡೂ ಬಹಳ ಹೋಲುವುದರಿಂದ, ಚಿತ್ರ ಎಲ್ಲಿ ತೆಗೆದದ್ದು ಎಂಬುದೇ ಇಲ್ಲಿ ಗುರುತಿಸಲು ದೊಡ್ಡ ಆಧಾರ.

ಮಲೆನಾಡಿನಲ್ಲಿ ದೀಪಕ್ಕೆ ಬರುವ ರೆಕ್ಕೆಯ ಹುಳುಗಳನ್ನೆಲ್ಲ ಹಾತೆ ಎಂದೇ ಕರೆಯುತ್ತೇವೆ. ಆ ಹಾತೆಗಳಲ್ಲಿ ಇಷ್ಟು ದೊಡ್ಡದು ಮತ್ತೊಂದಿಲ್ಲ. ರೆಕ್ಕೆ ಹರಡಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ 20 ಸೆಂಟಿಮೀಟರ್ ದಾಟುವುದು ಸಾಮಾನ್ಯ. ನಾಲ್ಕು ರೆಕ್ಕೆಗಳ ನಡುವೆಯೂ ಒಂದೊಂದು ತ್ರಿಕೋನಾಕಾರದ ಕಿಟಕಿ ಇರುತ್ತದೆ. ರೆಕ್ಕೆಯ ಉಳಿದ ಭಾಗವನ್ನು ಹೆಂಚಿನಂತೆ ಹೊದಿಸಿರುವ ಹುರುಪೆಗಳು ಅಲ್ಲಿ ಇರುವುದಿಲ್ಲವಾದ್ದರಿಂದ ಅದು ಗಾಜಿನಂತೆ ಪಾರದರ್ಶಕವಾಗಿರುತ್ತದೆ. ನಿಮ್ಮ ಮೂರನೆಯ ಚಿತ್ರವನ್ನು ದೊಡ್ಡದು ಮಾಡಿ ಮಕ್ಕಳಿಗೆ ತೋರಿಸಿ: ಎಡಗಡೆಯ ಮುಂದಿನ ರೆಕ್ಕೆಯ ಕಿಟಕಿಯೊಳಗೆ ಹಸಿರು ಕಾಣುತ್ತದೆ, ಆ ಹಸಿರಿನಲ್ಲಿ ಉದ್ದಕ್ಕೆ ಒಂದು ನರ ಹರಿದಿದೆ. ಅದು ರೆಕ್ಕೆಯ ಬಣ್ಣವಲ್ಲ, ಹಿಂದಿರುವ ದಾಲ್ಚಿನ್ನಿ ಎಲೆ. ಈ ಒಂದು ಗುರುತು ಇದ್ದರೆ ಮಲೆನಾಡಿನ ಬೇರೆ ದೊಡ್ಡ ಪತಂಗಗಳ ಜೊತೆ ಇದನ್ನು ತಪ್ಪಾಗಿ ತಿಳಿಯುವ ಪ್ರಶ್ನೆಯೇ ಬರುವುದಿಲ್ಲ. ತಿಳಿಹಸಿರು ಮೈಯ, ಹಿಂದಿನ ರೆಕ್ಕೆಗಳಿಗೆ ಉದ್ದ ಬಾಲವಿರುವ ಚಂದ್ರ ಪತಂಗಕ್ಕಾಗಲಿ, ಮತ್ತಿಯ ಮರದಲ್ಲಿ ಬೆಳೆಯುವ, ರೆಕ್ಕೆಗೊಂದರಂತೆ ದುಂಡನೆಯ ಕಣ್ಣಿರುವ ಟಸರ್ ಪತಂಗಕ್ಕಾಗಲಿ, ಮಳೆಗಾಲದಲ್ಲಿ ಮನೆಯ ಗೋಡೆಗೆ ಬಂದು ಕೂರುವ ಕಡುಗಂದು ಗೂಬೆ ಪತಂಗಕ್ಕಾಗಲಿ ಇಂಥ ತ್ರಿಕೋನದ ಕಿಟಕಿಗಳಿಲ್ಲ.

ಮಕ್ಕಳು ಕಂಡ ಹಾವಿನ ತಲೆ ಮುಂದಿನ ರೆಕ್ಕೆಯ ಬಾಗಿದ ತುದಿಯಲ್ಲಿದೆ; ಅಲ್ಲಿ ಹಳದಿ ಮಿಶ್ರಿತ ಬಣ್ಣ, ಕಣ್ಣಿನಂಥ ಕಪ್ಪು ಚುಕ್ಕೆ, ಬಾಯಿಯಂಥ ಗೆರೆ ಎಲ್ಲವೂ ಇವೆ. ಕೆಣಕಿದಾಗ ಈ ಪತಂಗ ಹಾರಿ ತಪ್ಪಿಸಿಕೊಳ್ಳುವ ಬದಲು ಹಲವು ಬಾರಿ ನೆಲಕ್ಕೆ ಬಿದ್ದು ರೆಕ್ಕೆಗಳನ್ನು ನಿಧಾನವಾಗಿ ಹೊರಳಿಸುತ್ತದೆ, ಆಗ ಆ ತುದಿಗಳು ನಿಜಕ್ಕೂ ತಲೆಯಾಡಿಸಿದಂತೆ ಕಾಣುತ್ತವೆ. ಹಕ್ಕಿ, ಹಲ್ಲಿಗಳನ್ನು ಹೆದರಿಸಲು ಇದು ನೆರವಾಗುತ್ತದೆ ಎಂದು ಹಲವು ತಜ್ಞರು ವಿವರಿಸುತ್ತಾರೆ. ನಿಮ್ಮ ಮಕ್ಕಳು ಯಾರೂ ಹೇಳಿಕೊಡದೆ ಅದನ್ನು ಹಾವೆಂದೇ ಕಂಡದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ವಿಷದ ವಿಚಾರ ಬೇಗ ಹೇಳಿಬಿಡುತ್ತೇನೆ. ಅಟ್ಲಾಸ್ ಪತಂಗ ಕಚ್ಚುವುದಿಲ್ಲ, ಕುಟುಕುವುದಿಲ್ಲ. ಕಚ್ಚಲು ಬಾಯಿಯೇ ಇಲ್ಲ. ರೆಕ್ಕೆಯಿಂದ ಕೈಗೆ ಅಂಟುವ ಪುಡಿ ವಿಷದ ಪುಡಿಯಲ್ಲ, ಅದೇ ಮೇಲೆ ಹೇಳಿದ ಹುರುಪೆ. ಅದರ ಮರಿಹುಳುವಿನ ಮೈಮೇಲೆ ಬಿಳಿ ಹಿಟ್ಟು ಬಳಿದಂತಿರುವ ಮೆತ್ತನೆಯ ಕೊಂಬುಗಳಿದ್ದರೂ ಅವು ಚುಚ್ಚುವುದಿಲ್ಲ, ಕೆಣಕಿದರೆ ಕಟುವಾಸನೆಯ ದ್ರವವನ್ನು ಚಿಮ್ಮಿಸುತ್ತದೆ ಅಷ್ಟೆ. ಆದರೆ ತೋಟದಲ್ಲಿ ಮೈ ತುರಿಸುವಂತೆ ಮಾಡುವ ಬೇರೆ ಕಂಬಳಿಹುಳುಗಳು ಖಂಡಿತ ಇರುತ್ತವಾದ್ದರಿಂದ, ಯಾವ ಹುಳುವನ್ನೂ ಬರಿಗೈಯಲ್ಲಿ ಮುಟ್ಟಬಾರದೆಂಬ ನಿಯಮ ಮಕ್ಕಳಿಗೆ ಇರಲಿ.

ಸಕ್ಕರೆ ನೀರನ್ನು ಅದು ಕುಡಿಯದೆ ಇದ್ದುದಕ್ಕೂ ಕಾರಣ ಬಾಯಿ ಇಲ್ಲದಿರುವುದೇ. ಈ ಪತಂಗ ತನ್ನ ಜೀವಮಾನದ ಊಟವನ್ನೆಲ್ಲ ಹುಳುವಾಗಿದ್ದಾಗಲೇ ಮುಗಿಸಿರುತ್ತದೆ. ದಾಲ್ಚಿನ್ನಿ, ಪೇರಳೆ, ನಿಂಬೆಯ ಜಾತಿಯ ಗಿಡಗಳ ಎಲೆಗಳನ್ನು ಸುಮಾರು ಒಂದು ತಿಂಗಳಿಗೂ ಮಿಕ್ಕಿ ತಿಂದು ಕೊಬ್ಬು ಕೂಡಿಸಿಕೊಂಡು, ರೇಷ್ಮೆಯ ಗೂಡು ಕಟ್ಟಿ, ಅದರೊಳಗೆ ಪತಂಗವಾಗಿ ಹೊರಬಂದ ಮೇಲೆ ಅದಕ್ಕಿರುವ ಆಯಸ್ಸು ಒಂದೆರಡು ವಾರದೊಳಗಿನದು. ನಮ್ಮ ರಾಮನಗರದ ಮಾರುಕಟ್ಟೆಗೆ ಬರುವ ಗೂಡು ಹಿಪ್ಪುನೇರಳೆ ರೇಷ್ಮೆಹುಳುವಿನದು, ಅದು ಬೇರೆ ಕುಟುಂಬಕ್ಕೆ ಸೇರಿದ್ದು. ಅಟ್ಲಾಸ್ ಪತಂಗವು ಟಸರ್, ಎರಿ, ಮುಗಾ ರೇಷ್ಮೆಗಳನ್ನು ಕೊಡುವ ಪತಂಗಗಳ ಕುಟುಂಬದ್ದು. ಕೂಡಿಟ್ಟ ಕೊಬ್ಬು ಕರಗುವುದರೊಳಗೆ ಗಂಡು ಹೆಣ್ಣು ಸೇರಿ ಮೊಟ್ಟೆಯಿಡಬೇಕು. ಅದಕ್ಕಾಗಿಯೇ ಅದು ಹಗಲು ಹಾರದೆ ಶಕ್ತಿ ಉಳಿಸಿಕೊಂಡು ಕೂರುತ್ತದೆ. ಮುಟ್ಟಿದರೂ ಹಾರದ ಪತಂಗ ಕಾಯಿಲೆಯದೂ ಅಲ್ಲ, ಹಸಿದದ್ದೂ ಅಲ್ಲ.

ಈಗ ನಿಮ್ಮ ಚಿತ್ರಗಳಿಗೆ ಬರುತ್ತೇನೆ. ಗೋಡೆಯ ಮೇಲೆ ತೆಗೆದ ಎರಡು ಚಿತ್ರಗಳಲ್ಲಿ ಪತಂಗ ನಿಚ್ಚಳವಾಗಿಯೇ ಇದೆ, ಆದರೆ ಅವು ನನಗೆ ಹೆಸರಿಗಿಂತ ಹೆಚ್ಚಿನದೇನನ್ನೂ ಹೇಳಲಿಲ್ಲ. ನೀವು ಚೆನ್ನಾಗಿ ಬಂದಿಲ್ಲವೆಂದು ಬದಿಗಿಟ್ಟ, ಬೆಳಿಗ್ಗೆ ಗಿಡದ ಮೇಲೆಯೇ ತೆಗೆದ ಮೂರನೆಯ ಚಿತ್ರವನ್ನು ನಾನು ಅರ್ಧ ಗಂಟೆ ನೋಡಿದೆ. ಪತಂಗದ ಹೊಟ್ಟೆ ಉಬ್ಬಿಕೊಂಡು ದಪ್ಪಗಿದೆ. ತಲೆಯ ಮೇಲಿನ ಮೀಸೆಗಳು ಬಾಚಣಿಗೆಯಂತಿದ್ದರೂ ಅಗಲ ಕಡಿಮೆ. ಗಂಡಿನ ಮೀಸೆಗಳು ಹಕ್ಕಿಯ ಗರಿಯಂತೆ ಅಗಲವಾಗಿ ಹರಡಿರುತ್ತವೆ, ಹೆಣ್ಣು ರಾತ್ರಿ ಗಾಳಿಗೆ ಬಿಡುವ ವಾಸನೆಯನ್ನು ಬಹುದೂರದಿಂದ ಹಿಡಿಯಲು ಆ ಅಗಲ ಬೇಕು. ಹಾಗಾಗಿ ನಿಮ್ಮದು ಹೆಣ್ಣು. ರೆಕ್ಕೆಯ ಅಂಚು ಎಲ್ಲಿಯೂ ಸವೆದಿಲ್ಲ, ಹರಿದಿಲ್ಲ. ಅದರ ಕಾಲಿನಿಂದ ಒಂದು ಗೇಣು ಕೆಳಗೆ ತೂಗಾಡುತ್ತಿರುವ ಒಣಗಿದ ಎಲೆಯನ್ನು ಗಮನಿಸಿ: ಅದು ಎಲೆಯಲ್ಲ, ಎಲೆಯನ್ನು ಮೈಗೆ ಸುತ್ತಿಕೊಂಡಿರುವ ಗೂಡು. ಮೇಲ್ತುದಿ ಬಾಯಿ ತೆರೆದಿದೆ. ಅಂದರೆ ಆ ಹೆಣ್ಣು ಆಗಷ್ಟೇ ಅಲ್ಲಿಂದ ಹೊರಬಂದು, ರೆಕ್ಕೆ ಒಣಗಿಸಿಕೊಂಡು, ರಾತ್ರಿಯಾಗಲೆಂದು ಹುಟ್ಟಿದ ಗಿಡದಲ್ಲಿಯೇ ಕಾಯುತ್ತಿತ್ತು.

ಇದನ್ನು ಹೇಳುವಾಗ ನಿಮ್ಮ ಮನಸ್ಸಿಗೆ ನೋವಾಗುತ್ತದೆಂದು ಬಲ್ಲೆ. ಗಿಡದ ಮೇಲೆ ಒಣಗಿದ ಎಲೆಗಳ ನಡುವೆ ಕಣ್ಣಿಗೆ ಬೀಳದಿದ್ದ ಪತಂಗ ಬಿಳಿ ಗೋಡೆಯ ಮೇಲೆ ದೂರಕ್ಕೂ ಕಾಣುವಂತಾಯಿತು. ನಸುಕಿನಲ್ಲಿಯೇ ಎದ್ದು ದೀಪದ ಸುತ್ತಲಿನ ಹುಳುಗಳನ್ನು ಹೆಕ್ಕುವ ಕಾಜಾಣಕ್ಕೋ ಮಡಿವಾಳ ಹಕ್ಕಿಗೋ ಅದು ಸಿಕ್ಕಿರಬೇಕು. ಹಕ್ಕಿಗಳು ಮೈಯನ್ನು ತಿಂದು ರೆಕ್ಕೆಗಳನ್ನು ಉದುರಿಸುತ್ತವೆ. ನಾನೂ ಇಂಥದ್ದೇ ತಪ್ಪನ್ನು, ನಿಮಗಿಂತ ಹೆಚ್ಚು ತಿಳಿದಿದ್ದ ಕಾಲದಲ್ಲಿ ಮಾಡಿದ್ದೇನೆ. ಸಾಗರದ ಕಡೆಯ ಒಂದು ಸೊಪ್ಪಿನ ಬೆಟ್ಟದಲ್ಲಿ ಸಿಕ್ಕ ಗೂಡನ್ನು ಕತ್ತರಿಸಿ ತಂದು, ಪತಂಗ ಹೊರಬರುವುದನ್ನು ತಪ್ಪದೆ ನೋಡಬೇಕೆಂಬ ಆಸೆಯಿಂದ ಉಪ್ಪಿನಕಾಯಿಯ ಗಾಜಿನ ಭರಣಿಯಲ್ಲಿಟ್ಟಿದ್ದೆ. ಹೊರಬಂದ ಪತಂಗದ ರೆಕ್ಕೆ ಮೊದಲಿಗೆ ಒದ್ದೆ ಬಟ್ಟೆಯಂತೆ ಮುದುರಿರುತ್ತದೆ; ಅದು ಎತ್ತರಕ್ಕೆ ಹತ್ತಿ ಜೋತುಬಿದ್ದು, ಮೈಯೊಳಗಿನ ದ್ರವವನ್ನು ನರಗಳಿಗೆ ತುಂಬಿ ರೆಕ್ಕೆಯನ್ನು ಬಿಡಿಸಬೇಕು. ಗಾಜಿನ ಮೇಲೆ ಅದಕ್ಕೆ ಕಾಲು ನಿಲ್ಲಲಿಲ್ಲ. ಬೆಳಿಗ್ಗೆ ನಾನು ನೋಡುವ ಹೊತ್ತಿಗೆ ರೆಕ್ಕೆಗಳು ಮುದುರಿದಂತೆಯೇ ಗಟ್ಟಿಯಾಗಿದ್ದವು. ಅದು ನಾಲ್ಕು ದಿನ ಬದುಕಿತ್ತು. ಅಂದಿನಿಂದ ಯಾವ ಗೂಡನ್ನೂ ನಾನು ಗಿಡದಿಂದ ತೆಗೆದಿಲ್ಲ.

ಆದ್ದರಿಂದ ಚಿತ್ರ ತೆಗೆಯುವ ಬಗ್ಗೆ ನನ್ನ ಮೊದಲ ಮಾತು, ಪತಂಗವನ್ನು ಇದ್ದ ಜಾಗದಿಂದ ಕದಲಿಸಬೇಡಿ ಎಂಬುದು. ಇದು ಬರೀ ದಯೆಯ ಮಾತಲ್ಲ. ಯಾವ ಗಿಡ, ನೆಲದಿಂದ ಎಷ್ಟು ಎತ್ತರ, ಹತ್ತಿರ ಗೂಡಿದೆಯೇ, ಮೊಟ್ಟೆ ಇದೆಯೇ ಎಂಬ ವಿವರಗಳೆಲ್ಲ ಜಾಗದ ಜೊತೆಗೇ ಇರುತ್ತವೆ. ಪತಂಗವನ್ನು ಎತ್ತಿದ ಕ್ಷಣವೇ ಅವು ಚಿತ್ರದಿಂದ ಹೋಗಿಬಿಡುತ್ತವೆ. ಹಾಗಾಗಿ ಮೊದಲು ನಾಲ್ಕು ಹೆಜ್ಜೆ ದೂರದಲ್ಲಿಯೇ ನಿಂತು ಇಡೀ ಗಿಡ ಬರುವಂತೆ ಒಂದು ಚಿತ್ರ ತೆಗೆಯಿರಿ, ಆಮೇಲೆ ಹತ್ತಿರ ಹೋಗಿ.

ಮಳೆಗಾಲದಲ್ಲಿ ನಮ್ಮ ಕಡೆ ಮಂಕಾದ ಚಿತ್ರಗಳಿಗೆ ಹೆಚ್ಚಿನ ಸಲ ಕಾರಣ ಕ್ಯಾಮೆರಾ ಅಲ್ಲ, ಮೊಬೈಲಿನ ಲೆನ್ಸಿಗೆ ಹತ್ತಿದ ಬೆರಳಿನ ಜಿಡ್ಡು ಮತ್ತು ತೇವ. ಒಣಗಿದ ಹಳೆಯ ಹತ್ತಿಬಟ್ಟೆಯ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಪ್ರತಿ ಬಾರಿಯೂ ಒರೆಸಿಕೊಳ್ಳಿ. ಮೊಬೈಲನ್ನು ಪತಂಗದ ಮೂಗಿಗೆ ಹಿಡಿದಂತೆ ಹಿಡಿಯಬಾರದು. ತೀರ ಹತ್ತಿರ ಹೋದಾಗ ಹಲವು ಫೋನುಗಳು ತಾವಾಗಿಯೇ ಮ್ಯಾಕ್ರೊ ಲೆನ್ಸಿಗೆ ಬದಲಾಗುತ್ತವೆ, ಅದರ ಗುಣಮಟ್ಟ ಮುಖ್ಯ ಲೆನ್ಸಿಗಿಂತ ಸಾಮಾನ್ಯವಾಗಿ ಕಡಿಮೆ, ಜೊತೆಗೆ ರೆಕ್ಕೆಯ ತುದಿಗಳು ಎಳೆದಂತೆ ವಕ್ರವಾಗುತ್ತವೆ. ಇಷ್ಟು ದೊಡ್ಡ ಪತಂಗಕ್ಕೆ ಮ್ಯಾಕ್ರೊ ಬೇಕಾಗಿಯೇ ಇಲ್ಲ. ಒಂದೂವರೆ, ಎರಡು ಅಡಿ ದೂರದಿಂದ ಮುಖ್ಯ ಲೆನ್ಸಿನಲ್ಲಿ ತೆಗೆದರೆ ಸಾಕು.

ಅಟ್ಲಾಸ್ ಪತಂಗ ರೆಕ್ಕೆಗಳನ್ನು ಚಪ್ಪಟೆಯಾಗಿ ಹರಡಿ ಕೂರುವುದರಿಂದ, ಮೊಬೈಲಿನ ಬೆನ್ನು ರೆಕ್ಕೆಗಳಿಗೆ ಸಮಾನಾಂತರವಾಗಿರುವಂತೆ ಹಿಡಿದಾಗ ಮಾತ್ರ ನಾಲ್ಕೂ ರೆಕ್ಕೆಗಳು ಒಟ್ಟಿಗೆ ಸ್ಪಷ್ಟವಾಗಿ ಬರುತ್ತವೆ. ನಿಮ್ಮ ಮೂರನೆಯ ಚಿತ್ರದಲ್ಲಿ ಬಲ ರೆಕ್ಕೆ ಮಸುಕಾಗಿರುವುದು ಕೈ ನಡುಗಿದ್ದರಿಂದಲ್ಲ, ಬದಿಯಿಂದ ತೆಗೆದದ್ದರಿಂದ. ಪರದೆಯ ಮೇಲೆ ಪತಂಗದ ಎದೆಯ ಭಾಗವನ್ನು ಬೆರಳಿನಿಂದ ಒತ್ತಿ ಫೋಕಸ್ ಮಾಡಿ, ಬೆಳಕನ್ನು ಸ್ವಲ್ಪ ತಗ್ಗಿಸಿ. ಇಲ್ಲದಿದ್ದರೆ ಕಿಟಕಿಗಳೂ ಅವುಗಳ ಸುತ್ತಲಿನ ಬಿಳಿ ಗೆರೆಗಳೂ ಸುಣ್ಣ ಬಳಿದಂತೆ ಬೆಳ್ಳಗಾಗಿಬಿಡುತ್ತವೆ. ಫ್ಲ್ಯಾಶ್ ಬಳಸಿದಾಗ ಆಗುವುದೂ ಇದೇ: ಒದ್ದೆ ಎಲೆಗಳು ಹೊಳೆಯುತ್ತವೆ, ರೆಕ್ಕೆಯ ಇಟ್ಟಿಗೆಗೆಂಪು ಸತ್ತುಹೋಗುತ್ತದೆ. ಮೋಡ ಕವಿದ ಬೆಳಗಿನ ಬೆಳಕಿಗಿಂತ ಒಳ್ಳೆಯ ಬೆಳಕು ಪತಂಗದ ಚಿತ್ರಕ್ಕೆ ಇಲ್ಲ. ಬಿಸಿಲು ಬಂದಿದ್ದರೆ ಇಬ್ಬರು ಮಕ್ಕಳು ಬಿಳಿ ಪಂಚೆಯೊಂದನ್ನು ಬಿಡಿಸಿ ಬಿಸಿಲಿಗೆ ಅಡ್ಡ ಹಿಡಿಯಲಿ, ಬೆಳಕು ಸೋಸಿ ಬರುತ್ತದೆ. ಮರಗಳ ಕೆಳಗೆ ಎಲ್ಲದರ ಮೇಲೂ ಹಸಿರು ಛಾಯೆ ಬೀಳುವುದರಿಂದ, ಒಂದು ಚಿತ್ರದಲ್ಲಿ ಪಕ್ಕಕ್ಕೆ ಬಿಳಿ ಹಾಳೆಯೊಂದು ಬರಲಿ. ಆಮೇಲೆ ಬಣ್ಣವನ್ನು ತಾಳೆ ನೋಡಲು ಅದು ಬೇಕಾಗುತ್ತದೆ. ಶಾಲೆಯಲ್ಲಿ ಯಾರ ಬಳಿಯಾದರೂ ಲೆನ್ಸ್ ಬದಲಿಸುವ ಕ್ಯಾಮೆರಾ ಇದ್ದರೆ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿಯ ಅಳತೆ) ಎಫ್ 8ರ ಆಸುಪಾಸಿನಲ್ಲಿಯೂ, ಗಾಳಿಗೆ ಎಲೆ ಅಲ್ಲಾಡುತ್ತಿದ್ದರೆ ಶಟರ್ ವೇಗ ಸೆಕೆಂಡಿನ 1/200ಕ್ಕಿಂತ ಕಡಿಮೆಯಾಗದಂತೆಯೂ ಇರಲಿ. ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಬೇಕಾಗಿ ಬಂದರೆ ಹಿಂಜರಿಯಬೇಡಿ, ಚಿತ್ರದಲ್ಲಿ ಕಾಳುಕಾಳಾಗಿ ಕಂಡರೂ ಅಲುಗಿದ ಚಿತ್ರಕ್ಕಿಂತ ಅದು ಎಷ್ಟೋ ಮೇಲು.

ಮೇಲಿನಿಂದ ತೆಗೆದ ಮೇಲೆ, ಮುಖದ ಕಡೆಯಿಂದ ಮೀಸೆಗಳು ಸ್ಪಷ್ಟವಾಗಿ ಕಾಣುವಂತೆ ಒಂದು, ಪಕ್ಕದಿಂದ ಹೊಟ್ಟೆ ಕಾಣುವಂತೆ ಇನ್ನೊಂದು, ಸಾಧ್ಯವಾದರೆ ಕೆಳಗಿನಿಂದ ಆಕಾಶದ ಬೆಳಕು ಕಿಟಕಿಗಳಲ್ಲಿ ಹಾಯುವಂತೆ ಮತ್ತೊಂದು ತೆಗೆಯಿರಿ. ಅಳತೆಗಾಗಿ ಕಂಪಾಸ್ ಪೆಟ್ಟಿಗೆಯ ಸ್ಕೇಲನ್ನು ಪತಂಗಕ್ಕೆ ತಗಲದಂತೆ, ರೆಕ್ಕೆ ಇರುವ ಮಟ್ಟದಲ್ಲಿಯೇ ಹಿಡಿದು ಒಂದು ಚಿತ್ರ ಸಾಕು. ಒಟ್ಟು ಹತ್ತು ನಿಮಿಷದೊಳಗೆ ಮುಗಿಸಿ, ಒಂದು ಸಲಕ್ಕೆ ನಾಲ್ಕೈದು ಮಕ್ಕಳಿಗಿಂತ ಹೆಚ್ಚು ಹತ್ತಿರ ಹೋಗದಿರಲಿ. ದಿನಾಂಕ, ಸಮಯ, ಮಳೆಯೋ ಹೊಳವೋ, ಗಿಡದ ಹೆಸರು, ನೆಲದಿಂದ ಎತ್ತರ ಇಷ್ಟನ್ನೂ ಅಲ್ಲಿಯೇ ನಿಂತು ಪುಸ್ತಕದಲ್ಲಿ ಬರೆಯಿಸಿ; ತರಗತಿಗೆ ಹೋಗಿ ನೆನಪಿನಿಂದ ಬರೆದ ಟಿಪ್ಪಣಿಯಲ್ಲಿ ಮಕ್ಕಳದಷ್ಟೇ ಅಲ್ಲ, ನಮ್ಮಂಥವರದೂ ತಪ್ಪುಗಳಿರುತ್ತವೆ. ಜನರು ತಾವು ಕಂಡ ಜೀವಿಗಳ ಚಿತ್ರಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಎಂಬ ಅಂತರ್ಜಾಲ ತಾಣಕ್ಕೆ ಈ ಚಿತ್ರಗಳನ್ನು ಸೇರಿಸಿದರೆ ಮಲೆನಾಡಿನ ಪತಂಗಗಳ ದಾಖಲೆಗೆ ನಿಮ್ಮ ಶಾಲೆಯ ಕೊಡುಗೆ ಸಂದಂತಾಗುತ್ತದೆ. ಅಲ್ಲಿ ನಿಖರವಾದ ಜಾಗವನ್ನು ಮರೆಮಾಡುವ ಸೌಲಭ್ಯವಿದೆ, ಅದನ್ನು ಬಳಸಿ. ಇಂಥ ಪತಂಗಗಳನ್ನು ಹಿಡಿದು ಗಾಜಿನ ಚೌಕಟ್ಟಿನಲ್ಲಿ ಮಾರುವ ವ್ಯವಹಾರ ಲೋಕದಲ್ಲಿ ಇನ್ನೂ ಇದೆ. ಚಿತ್ರದಲ್ಲಿ ಮಕ್ಕಳ ಮುಖ ಬಾರದಂತೆಯೂ ನೋಡಿಕೊಳ್ಳಿ.

ತೋಟದ ಬಗ್ಗೆ ಎರಡು ವಿಷಯ. ಶಾಲೆಯ ಹಿಂಭಾಗದ ದೀಪ ರಾತ್ರಿಯಿಡೀ ಉರಿಯುತ್ತಿದ್ದರೆ ಅದನ್ನು ಆರಿಸಲು ವ್ಯವಸ್ಥೆ ಮಾಡಿ. ಹೆಣ್ಣಿನ ವಾಸನೆ ಹಿಡಿದು ಬರುವ ಗಂಡು ಪತಂಗ ದಾರಿಯಲ್ಲಿ ದೀಪ ಕಂಡರೆ ಅದನ್ನೇ ಸುತ್ತುತ್ತ ರಾತ್ರಿ ಕಳೆಯುತ್ತದೆ, ಬೆಳಗಾದರೆ ಹಕ್ಕಿಯ ಪಾಲಾಗುತ್ತದೆ. ಇರುವ ಕೆಲವೇ ರಾತ್ರಿಗಳಲ್ಲಿ ಒಂದು ಹೋದರೂ ಅದಕ್ಕೆ ದೊಡ್ಡ ನಷ್ಟ. ಇನ್ನೊಂದು, ಶ್ರಮದಾನದ ದಿನ ಗಿಡಗಳ ಬುಡದ ದರಗನ್ನು ಗುಡಿಸಿ ಬೆಂಕಿಗೆ ಹಾಕುವ ರೂಢಿ ನಿಮ್ಮಲ್ಲೂ ಇರಬಹುದು. ಗೂಡಿನ ತೊಟ್ಟು ಕಳಚಿದರೆ ಅದು ಸೇರುವುದು ಆ ದರಗಿನೊಳಕ್ಕೇ. ದಾಲ್ಚಿನ್ನಿ, ಪೇರಳೆ, ಹೇರಳೆ ಗಿಡಗಳ ಕೆಳಗಿನ ದರಗು ಕೊಳೆತು ಗೊಬ್ಬರವಾಗಲು ಬಿಡಿ, ಅವುಗಳ ಎಲೆ ತೂತಾಗಿದೆಯೆಂದು ಔಷಧಿ ಹೊಡೆಯಬೇಡಿ.

ಕೊನೆಯದಾಗಿ, ನಿಮ್ಮ ಮೂರನೆಯ ಚಿತ್ರವನ್ನು ನಾನು ಅರ್ಧ ಗಂಟೆ ನೋಡಲು ಮುಖ್ಯ ಕಾರಣ ಅದರ ಬಲಗಡೆಯ ಮೇಲಿನ ಮೂಲೆ. ಅಲ್ಲಿ ಇನ್ನೊಂದು ಒಣಗಿದ ಎಲೆ ತೂಗಾಡುತ್ತಿದೆ. ಅದರ ತೊಟ್ಟನ್ನು ಗೆಲ್ಲಿಗೆ ಸೇರಿಸಿ ಕಂದು ಬಣ್ಣದ ರೇಷ್ಮೆಯ ಪಟ್ಟಿ ಸುತ್ತಿದೆ, ಗಾಳಿಗೆ ಬೀಳದಿರಲೆಂದು ಹುಳು ಮೊದಲು ಮಾಡಿಕೊಳ್ಳುವ ಕಟ್ಟು ಅದು. ಅದು ಎರಡನೆಯ ಗೂಡು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಾಳೆಯೇ ಹೋಗಿ, ಮುಟ್ಟದೆ, ಕುರ್ಚಿಯ ಮೇಲೆ ನಿಂತು ನೋಡಿ. ಮೇಲ್ತುದಿ ಬಾಯಿ ಬಿಟ್ಟಿದ್ದರೆ ಒಳಗಿದ್ದದ್ದು ಹೋಗಿದೆ; ಪಕ್ಕದಲ್ಲಿ ಸೂಜಿ ಚುಚ್ಚಿದಂಥ ದುಂಡು ತೂತುಗಳಿದ್ದರೆ ಕಣಜದಂಥ ಪರಾವಲಂಬಿ ಕೀಟಗಳು ಒಳಗಿದ್ದುದನ್ನು ತಿಂದು ಹೊರಬಂದಿವೆ; ಇವೆರಡೂ ಇಲ್ಲದೆ ಗೂಡು ಇಡಿಯಾಗಿದ್ದರೆ ಒಳಗೆ ಜೀವವಿರುವ ಸಾಧ್ಯತೆ ಹೆಚ್ಚು. ಅದು ಕೆಲವೇ ದಿನಗಳಲ್ಲಿ ಹೊರಬರಬಹುದು, ಇಲ್ಲವೆ ತಿಂಗಳುಗಟ್ಟಲೆ ಹಾಗೆಯೇ ತೂಗಾಡಬಹುದು. ಬೇಸಿಗೆಯ ಒಣಹವೆಯನ್ನು ಗೂಡಿನೊಳಗೇ ಕಳೆದು ಮಳೆ ಬಂದ ಮೇಲೆ ಹೊರಬರುವುದೂ ಉಂಟು. ದಿನಕ್ಕೊಬ್ಬರಂತೆ ಮಕ್ಕಳಿಗೆ ಪಾಳಿ ಹಾಕಿ, ಬೆಳಿಗ್ಗೆ ಶಾಲೆಗೆ ಬಂದೊಡನೆ ಒಮ್ಮೆ ನೋಡಿ ಪುಸ್ತಕದಲ್ಲಿ ಗುರುತು ಹಾಕಲಿ. ಪತಂಗ ಹೊರಬಂದ ದಿನ ರೆಕ್ಕೆ ಬಲಿಯುವವರೆಗೆ ಕೆಲವು ಗಂಟೆಗಳ ಕಾಲ ಯಾರೂ ಗೆಲ್ಲು ಅಲ್ಲಾಡಿಸದಂತೆ ನೋಡಿಕೊಂಡು, ಒಂದೇ ಜಾಗದಲ್ಲಿ ಮೊಬೈಲನ್ನು ಆನಿಸಿಟ್ಟು ಐದೈದು ನಿಮಿಷಕ್ಕೊಂದು ಚಿತ್ರ ತೆಗೆಯಿರಿ. ಹೆಣ್ಣಾಗಿದ್ದರೆ ಆ ರಾತ್ರಿ ಗಂಡುಗಳು ಬರಬಹುದು, ಬಂದರೆ ಮರುದಿನ ಬೆಳಿಗ್ಗೆಯೂ ಎರಡೂ ಕೂಡಿಕೊಂಡೇ ಇರುವುದುಂಟು. ಆಮೇಲೆ ದಾಲ್ಚಿನ್ನಿ ಎಲೆಗಳ ಅಡಿಭಾಗದಲ್ಲಿ ರಾಗಿ ಕಾಳಿಗಿಂತ ತುಸು ದೊಡ್ಡದಾದ ದುಂಡನೆಯ ಮೊಟ್ಟೆಗಳಿವೆಯೇ ಎಂದು ಹುಡುಕಿ. ಅವು ಒಡೆಯಲು ಹತ್ತು ದಿನದ ಆಸುಪಾಸು ಬೇಕು. ಹನ್ನೊಂದನೆಯ ದಿನದಿಂದ ಎಳೆಯ ಎಲೆಗಳ ಅಂಚು ಕಚ್ಚಿದ ಗುರುತಿದೆಯೇ, ಕೆಳಗಿನ ಎಲೆಯ ಮೇಲೆ ಸಾಸಿವೆಯಂಥ ಕಪ್ಪು ಹಿಕ್ಕೆ ಬಿದ್ದಿದೆಯೇ ನೋಡಿ, ಕಂಡರೆ ಚಿತ್ರಗಳನ್ನು ನನಗೆ ಕಳುಹಿಸಿಕೊಡಿ.